ಇಂದೇನು ಅಡುಗೆ? — ನಿರ್ಧಾರದ ದಣಿವೆಂಬ ಕಾಣದ ಹೊರೆ

ಮೈ ದಣಿದವರನ್ನು ಲೋಕ ಗುರುತಿಸುತ್ತದೆ. ಮೂಟೆ ಹೊತ್ತು ಬಂದವನಿಗೆ ಕುಳಿತುಕೊಳ್ಳಲು ಜಗಲಿಯುಂಟು, ಕುಡಿಯಲು ನೀರುಂಟು, “ಪಾಪ, ಬಳಲಿದ್ದಾನೆ” ಎನ್ನುವವರುಂಟು. ಆದರೆ ಬೆಳಗಿನಿಂದ ಒಂದೇ ಸಮನೆ “ಇದೋ, ಅದೋ?” ಎಂದು ತೂಗಿ ತೂಗಿ ಬಳಲಿದ ಮನಸ್ಸಿಗೆ ಅಂತಹ ಉಪಚಾರವಿಲ್ಲ. ಅದರ ಬೆವರು ಹೊರಗೆ ಕಾಣುವುದಿಲ್ಲ. ಬಳಲಿದವರಿಗೇ ತಮಗೇನಾಗಿದೆ ಎಂಬುದು ತಿಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಕಾರಣವಿಲ್ಲದೆ ಮಗುವಿನ ಮೇಲೆ ರೇಗಿದಾಗ, ತಮ್ಮ ಸ್ವಭಾವವೇ ಕೆಟ್ಟುಹೋಯಿತೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಸಾಮಾನ್ಯ ಗೃಹಿಣಿಯೊಬ್ಬಳ ಒಂದು ದಿನವನ್ನು ಎಣಿಸಿ ನೋಡಬಹುದು. ಹಾಲು ಅರ್ಧ ಲೀಟರು ಸಾಕೋ, ಒಂದು ಲೀಟರು ಬೇಕೋ? ತಿಂಡಿಗೆ ಉಪ್ಪಿಟ್ಟೋ, ಅವಲಕ್ಕಿಯೋ? ಮಗುವಿನ ಮೈ ತುಸು ಬೆಚ್ಚಗಿದೆ. ಶಾಲೆಗೆ ಕಳುಹಿಸುವುದೋ, ಬೇಡವೋ? ಮೋಡ ಕವಿದಿದೆ, ಬಟ್ಟೆಯನ್ನು ಮಹಡಿಯ ಮೇಲೆ ಹರವುವುದೋ, ಒಳಗೋ? ಗ್ಯಾಸಿಗೆ ಇಂದೇ ಹೇಳಬೇಕೋ, ಇನ್ನೂ ನಾಲ್ಕು ದಿನ ತಡೆದೀತೋ? ಟೊಮೇಟೊ ಬೆಲೆ ಏರಿದೆ. ಹುಣಸೆಹಣ್ಣಿನಲ್ಲಿಯೇ ಸಾಗಿಸಿದರೆ ಹೇಗೆ? ನಾದಿನಿಯ ಮಗಳ ಮದುವೆಗೆ ಸೀರೆ ಕೊಡುವುದೋ, ಹಣವನ್ನೋ? ಮೊಬೈಲಿನಲ್ಲಿ ಬಂದ ಮೂವತ್ತು ಸಂದೇಶಗಳಲ್ಲಿ ಯಾವುದಕ್ಕೆ ಈಗಲೇ ಉತ್ತರ, ಯಾವುದಕ್ಕೆ ಆಮೇಲೆ? ಇವುಗಳಲ್ಲಿ ಒಂದಾದರೂ ದೊಡ್ಡ ಪ್ರಶ್ನೆಯಲ್ಲ. ಒಂದೊಂದಕ್ಕೂ ಬೇಕಾದದ್ದು ಅರೆಗಳಿಗೆಯ ಯೋಚನೆ ಮಾತ್ರ. ಆದರೆ ಹನಿ ಹನಿ ಕೂಡಿದರೆ ಹಳ್ಳ. ಸಂಜೆ ಆರು ಗಂಟೆಗೆ “ರಾತ್ರಿಗೆ ಏನು ಮಾಡಲಿ?” ಎಂಬ ಕೊನೆಯ ಪ್ರಶ್ನೆ ಎದುರು ನಿಂತಾಗ, ನೂರು ಬಗೆಯ ಅಡುಗೆ ಬಲ್ಲವಳಿಗೆ ಒಂದೂ ಹೊಳೆಯುವುದಿಲ್ಲ.

ಈ ಸ್ಥಿತಿಗೆ ಈಚಿನ ಮನಶ್ಶಾಸ್ತ್ರಜ್ಞರು ಕೊಟ್ಟಿರುವ ಹೆಸರನ್ನು ಕನ್ನಡದಲ್ಲಿ ‘ನಿರ್ಧಾರದ ದಣಿವು’ ಎನ್ನಬಹುದು. ಅದು ಗೃಹಿಣಿಯೊಬ್ಬಳ ಪಾಡಲ್ಲ. ಹೊರರೋಗಿಗಳ ಸಾಲನ್ನು ನೋಡುವ ವೈದ್ಯ, ಸಾಲದ ಅರ್ಜಿಗಳ ಮುಂದೆ ಕುಳಿತ ಬ್ಯಾಂಕಿನ ಅಧಿಕಾರಿ, ರಜೆಯ ಚೀಟಿಯಿಂದ ಪರೀಕ್ಷೆಯ ವೇಳಾಪಟ್ಟಿಯವರೆಗೆ ಎಲ್ಲಕ್ಕೂ ‘ಹೂಂ’ ಅಥವಾ ‘ಉಹೂಂ’ ಎನ್ನಬೇಕಾದ ಮುಖ್ಯೋಪಾಧ್ಯಾಯಿನಿ — ಎಲ್ಲರಿಗೂ ಅದರ ಪರಿಚಯವುಂಟು. ಅಡುಗೆಮನೆಯಲ್ಲಿ ಅದು ವರ್ಷದ ಮುನ್ನೂರ ಅರವತ್ತೈದು ದಿನವೂ ರಜೆಯಿಲ್ಲದೆ ನಡೆಯುತ್ತದೆಂಬುದೇ ವ್ಯತ್ಯಾಸ.

ದಣಿದ ಮನಸ್ಸಿನ ಲಕ್ಷಣಗಳು

ನಿರ್ಧಾರವೆಂದರೆ ಆರಿಸಿಕೊಳ್ಳುವುದು ಮಾತ್ರವಲ್ಲ, ಬಿಟ್ಟುಕೊಡುವುದೂ ಹೌದು. ಒಂದನ್ನು ಹಿಡಿದಾಗ ಉಳಿದವುಗಳ ಆಸೆಯನ್ನು ಕಡಿಯಬೇಕಾಗುತ್ತದೆ. ಆಯ್ಕೆ ತಪ್ಪಾದರೆ ಬರುವ ಮಾತನ್ನು ಕೇಳಲು ಸಿದ್ಧರಿರಬೇಕಾಗುತ್ತದೆ. ಈ ಎರಡನೆಯ ಭಾಗದಲ್ಲಿಯೇ ಶ್ರಮವಿರುವುದು.

ಬಳಲಿದ ಮನಸ್ಸು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಮೊದಲನೆಯದು ಮುಂದೂಡಿಕೆ: “ನಾಳೆ ನೋಡೋಣ” ಎಂದು ವಿಮೆಯ ಕಾಗದವನ್ನೋ ಹಲ್ಲುನೋವನ್ನೋ ತಿಂಗಳುಗಟ್ಟಲೆ ತಳ್ಳುವುದು. ಎರಡನೆಯದು ಕೈಗೆ ಸಿಕ್ಕಿದ್ದನ್ನು ಹಿಡಿಯುವುದು: ಅಂಗಡಿಯವನು ಮುಂದಿಟ್ಟದ್ದನ್ನೇ, ಮೊಬೈಲು ಮೊದಲು ತೋರಿಸಿದ್ದನ್ನೇ ಕೊಂಡುಬಿಡುವುದು. ಮೂರನೆಯದು ಸಿಡುಕು. ಇನ್ನೊಂದು ಪ್ರಶ್ನೆ ಹೊತ್ತು ಬಂದವರು, ಅವರು ಎಂಟು ವರ್ಷದ ಮಗುವಾದರೂ ಸರಿ, ಶತ್ರುವಿನಂತೆ ಕಾಣುತ್ತಾರೆ. ಇವನ್ನು ಲೋಕ ಸೋಮಾರಿತನ, ದುಂದುಗಾರಿಕೆ, ಸಿಡುಕು ಸ್ವಭಾವ ಎಂದು ಮೂರು ಬೇರೆ ಬೇರೆ ದೋಷಗಳಾಗಿ ಎಣಿಸುತ್ತದೆ. ಎಷ್ಟೋ ವೇಳೆ ಮೂರರ ಬೇರೂ ಒಂದೇ.

ಮೂಲಂಗಿ ಮತ್ತು ಚಾಕೊಲೇಟು

ಈ ವಿಷಯ ಶಾಸ್ತ್ರಜ್ಞರ ಗಮನಕ್ಕೆ ಬಂದ ಕಥೆ ಸ್ವಾರಸ್ಯವಾಗಿದೆ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. 67 ಮಂದಿ ವಿದ್ಯಾರ್ಥಿಗಳು ಹಸಿದು ಬಂದಿದ್ದರು. ಕೋಣೆಯ ತುಂಬ ಆಗತಾನೆ ಬೇಯಿಸಿದ ಚಾಕೊಲೇಟು ಬಿಸ್ಕತ್ತಿನ ಪರಿಮಳ. ಕೆಲವರಿಗೆ ಬಿಸ್ಕತ್ತು ತಿನ್ನಲು ಅನುಮತಿ ದೊರೆಯಿತು. ಮತ್ತೆ ಕೆಲವರು ಆ ಪರಿಮಳದ ನಡುವೆಯೇ ಕುಳಿತು ಹಸಿ ಮೂಲಂಗಿಯನ್ನು ಮಾತ್ರ ತಿನ್ನಬೇಕಾಯಿತು. ಆಮೇಲೆ ಎಲ್ಲರಿಗೂ ರೇಖಾಚಿತ್ರದ ಒಗಟುಗಳನ್ನು ಕೊಡಲಾಯಿತು. ಆ ಒಗಟುಗಳಿಗೆ ಉತ್ತರವೇ ಇರಲಿಲ್ಲ. ಯಾರು ಎಷ್ಟು ಹೊತ್ತು ಪ್ರಯತ್ನಿಸುತ್ತಾರೆಂದು ನೋಡುವುದೇ ಉದ್ದೇಶ. ಬಿಸ್ಕತ್ತು ತಿಂದವರು ಸರಾಸರಿ 19 ನಿಮಿಷ ಹೆಣಗಿದರು. ಮೂಲಂಗಿಯವರು 8 ನಿಮಿಷಕ್ಕೇ ಕೈಚೆಲ್ಲಿದರು.

ಆಸೆಯನ್ನು ಅದುಮಲು ಖರ್ಚಾದ ಮನೋಬಲ ಮುಂದಿನ ಕೆಲಸಕ್ಕೆ ಉಳಿಯಲಿಲ್ಲವೆಂಬುದು ಸಂಶೋಧಕರ ತೀರ್ಮಾನ. ಮನೋಬಲವು ಕೊಡದ ನೀರಿನಂತೆ, ಬಳಸಿದಷ್ಟೂ ಬರಿದಾಗುತ್ತದೆ ಎಂಬ ವಾದ ಹೀಗೆ ಹುಟ್ಟಿತು. 2008ರಲ್ಲಿ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು ಇದನ್ನು ಆಯ್ಕೆಗೂ ವಿಸ್ತರಿಸಿದರು. ಒಂದಾದಮೇಲೊಂದು ಸರಕನ್ನು ಆರಿಸುತ್ತ ಕುಳಿತವರು, ಸುಮ್ಮನೆ ನೋಡಿದವರಿಗಿಂತ ಬೇಗನೆ ಹಿಮದಂತೆ ತಣ್ಣಗಿನ ನೀರಿನಿಂದ ಕೈ ಹಿಂದೆಗೆದರೆಂದು ಅವರು ವರದಿ ಮಾಡಿದರು.

2011ರಲ್ಲಿ ಬಂದ ಇನ್ನೊಂದು ಅಧ್ಯಯನ ಜಗತ್ತನ್ನೇ ಬೆರಗುಗೊಳಿಸಿತು. ಇಸ್ರೇಲಿನಲ್ಲಿ ಕೈದಿಗಳ ಬಿಡುಗಡೆಯ ಅರ್ಜಿಗಳ ಮೇಲೆ ಎಂಟು ಮಂದಿ ನ್ಯಾಯಾಧೀಶರು ಕೊಟ್ಟ 1,112 ತೀರ್ಪುಗಳನ್ನು ಅದು ಪರಿಶೀಲಿಸಿತ್ತು. ದಿನದ ಆರಂಭದಲ್ಲಿ ಸುಮಾರು ನೂರಕ್ಕೆ 65 ಅರ್ಜಿಗಳು ಫಲಿಸುತ್ತಿದ್ದವು. ಹೊತ್ತು ಕಳೆದಂತೆ ಆ ಪ್ರಮಾಣ ಸೊನ್ನೆಯ ಹತ್ತಿರಕ್ಕೆ ಇಳಿದು, ಊಟದ ವಿರಾಮ ಮುಗಿದೊಡನೆ ಮತ್ತೆ 65ಕ್ಕೆ ಏರುತ್ತಿತ್ತು. ಮನುಷ್ಯನ ಬಿಡುಗಡೆ ನ್ಯಾಯಾಧೀಶನ ಉಪಾಹಾರದ ವೇಳೆಯನ್ನು ಅವಲಂಬಿಸಿದೆಯೆ ಎಂದು ಪತ್ರಿಕೆಗಳು ಕೇಳಿದವು.

ಕೊಡ ನಿಜವಾಗಿ ಬರಿದಾಗುತ್ತದೆಯೆ?

ಇಷ್ಟಕ್ಕೇ ನಿಂತಿದ್ದರೆ ಕಥೆ ಸುಂದರವಾಗಿಯೇ ಇರುತ್ತಿತ್ತು. ಆದರೆ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದು ವಿಜ್ಞಾನದ ಧರ್ಮ. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮನೋಬಲ ಬರಿದಾಗುವ ವಾದವನ್ನು ಪರೀಕ್ಷಿಸಿದಾಗ, ಪರಿಣಾಮ ಹೆಚ್ಚುಕಡಿಮೆ ಶೂನ್ಯವೆಂದು ಕಂಡುಬಂದಿತು. 2021ರಲ್ಲಿ ಸ್ವತಃ ವೋಸ್ ಅವರ ನೇತೃತ್ವದಲ್ಲಿ 36 ಪ್ರಯೋಗಾಲಯಗಳಲ್ಲಿ ನಡೆದ ಪರೀಕ್ಷೆಯಲ್ಲಿಯೂ ದೊರೆತದ್ದು ಅತ್ಯಲ್ಪ ಪರಿಣಾಮವೇ. ನ್ಯಾಯಾಧೀಶರ ಲೆಕ್ಕಕ್ಕೂ ಆಕ್ಷೇಪ ಬಂದಿತು. ಅರ್ಜಿಗಳು ಯಾದೃಚ್ಛಿಕವಾಗಿ ಬರುತ್ತಿರಲಿಲ್ಲ, ವಕೀಲರಿಲ್ಲದ ಕೈದಿಗಳ ಸರದಿ ಹೆಚ್ಚಾಗಿ ವಿರಾಮಕ್ಕೆ ಮುಂಚೆ ಬರುತ್ತಿತ್ತು, ಅವರ ಅರ್ಜಿ ಬೀಳಲು ಅದೂ ಕಾರಣವಾಗಿರಬಹುದು ಎಂದು ಇತರ ಸಂಶೋಧಕರು ತೋರಿಸಿದರು.

ಇನ್ನೂ ಕುತೂಹಲಕರವಾದುದು 2017ರಲ್ಲಿ ಕೃಷ್ಣ ಸವಾನಿ ಮತ್ತು ವೆರೋನಿಕಾ ಜಾಬ್ ಪ್ರಕಟಿಸಿದ ಸಂಶೋಧನೆ. ಮನಸ್ಸಿಗೆ ಶ್ರಮ ಕೊಟ್ಟರೆ ಅದು ಸೊರಗುತ್ತದೆಂದು ಪಾಶ್ಚಾತ್ಯರಲ್ಲಿ ಅನೇಕರು ನಂಬಿದರೆ, ಶ್ರಮದಿಂದ ಅದು ಚುರುಕಾಗುತ್ತದೆಂದು ಭಾರತೀಯರಲ್ಲಿ ಅನೇಕರು ನಂಬುತ್ತಾರೆಂದು ಅವರು ಕಂಡುಕೊಂಡರು. ಅವರ ಪ್ರಯೋಗಗಳಲ್ಲಿ ಭಾಗವಹಿಸಿದ ಭಾರತೀಯರು ಕಷ್ಟದ ಕೆಲಸವೊಂದನ್ನು ಮಾಡಿದ ಮೇಲೆ ಮುಂದಿನ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿದರು. ಏಕಾಗ್ರತೆಯನ್ನೂ ವ್ರತನಿಯಮಗಳನ್ನೂ ಶಕ್ತಿಯ ಮೂಲವೆಂದು ಕೇಳಿ ಬೆಳೆದವರಿಗೆ ಇದು ಅಚ್ಚರಿಯೆನಿಸದು.

ಹಾಗಾದರೆ ಸಂಜೆ ಆರು ಗಂಟೆಯ ಬಳಲಿಕೆ ಬರಿಯ ಭ್ರಮೆಯೆ? ಹಾಗೂ ಹೇಳುವಂತಿಲ್ಲ. ‘ಬರಿದಾಗುವ ಕೊಡ’ ಎಂಬ ಉಪಮೆ ಅಲುಗಾಡಿದೆಯೇ ಹೊರತು, ದೀರ್ಘಕಾಲ ತೀರ್ಮಾನಿಸುತ್ತ ಕುಳಿತವರು ಸುಲಭದ ದಾರಿಗೆ ಜಾರುತ್ತಾರೆಂಬ ಅನುಭವ ಅಳಿದಿಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕೆಮ್ಮು ನೆಗಡಿಯಂತಹ ಶ್ವಾಸಸಂಬಂಧದ ಸೋಂಕಿಗೆ ಬಂದ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಭೇಟಿಗಳನ್ನು ಪರಿಶೀಲಿಸಿತು. ವೈದ್ಯರ ಪಾಳಿಯ ಗಂಟೆಗಳು ಕಳೆದಂತೆ ಆಂಟಿಬಯಾಟಿಕ್ ಬರೆದುಕೊಡುವ ಪ್ರಮಾಣ ಏರುತ್ತ ಹೋಗಿತ್ತು. “ನಿಮಗೆ ಈ ಔಷಧ ಬೇಕಿಲ್ಲ” ಎಂದು ವಿವರಿಸುವುದು ಕಷ್ಟ. ಚೀಟಿ ಬರೆದುಕೊಡುವುದು ಸುಲಭ. ಕಾರಣ ದಣಿವೊಂದೇ ಎಂದು ಇದರಿಂದ ಸಿದ್ಧವಾಗದಿದ್ದರೂ, ದಿನದ ಕೊನೆಯಲ್ಲಿ ಸುಲಭವಾದದ್ದು ಗೆಲ್ಲುತ್ತದೆಂಬ ಎಚ್ಚರಿಕೆ ಇದರಲ್ಲಿದೆ.

ಆದ್ದರಿಂದ ಸರಿಯಾದ ಪ್ರಶ್ನೆ “ಮನೋಬಲವನ್ನು ಹೆಚ್ಚಿಸುವುದು ಹೇಗೆ?” ಎಂಬುದಲ್ಲ, “ಸುಲಭದ ದಾರಿಯೇ ಒಳ್ಳೆಯ ದಾರಿಯಾಗುವಂತೆ ಮನೆಯ ವ್ಯವಸ್ಥೆಯನ್ನು ಮಾಡುವುದು ಹೇಗೆ?” ಎಂಬುದು.

ಬಡವನ ತಕ್ಕಡಿ

ಆ ವ್ಯವಸ್ಥೆಯ ಮಾತಿಗೆ ಮುನ್ನ ಒಂದು ಅಂಶವನ್ನು ನೆನೆಯಬೇಕು: ನಿರ್ಧಾರದ ಹೊರೆ ಎಲ್ಲರಿಗೂ ಸಮನಲ್ಲ. ತಿಂಗಳ ಸಾಮಾನಿನ ಚೀಟಿಯನ್ನು ಅಂಗಡಿಗೆ ಕಳುಹಿಸಬಲ್ಲವರಿಗೆ ಎಣ್ಣೆ ಒಂದು ಸಾಲು, ಸಕ್ಕರೆ ಒಂದು ಸಾಲು. ದಿನಗೂಲಿಯ ಮನೆಯಲ್ಲಿ ಅದೇ ಎಣ್ಣೆ ಒಂದು ಸಮಸ್ಯೆ. ಎಣ್ಣೆ ತಂದರೆ ಮಗಳ ನೋಟುಬುಕ್ಕಿಗೆ ಸಾಲದು. ನೋಟುಬುಕ್ಕು ತಂದರೆ ಬಡ್ಡಿಯವನಿಗೆ ಹೇಳಲು ನೆಪ ಬೇಕು. ಉಳ್ಳವರಿಗೆ ತೀರ್ಮಾನವೇ ಅಲ್ಲದ ಪ್ರತಿಯೊಂದು ರೂಪಾಯಿ ಇಲ್ಲದವರ ತಕ್ಕಡಿಯಲ್ಲಿ ತೂಗಲ್ಪಡುತ್ತದೆ.

ತಮಿಳುನಾಡಿನ 54 ಹಳ್ಳಿಗಳ 464 ಮಂದಿ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಪ್ರಸ್ತುತವಾಗಿದೆ. ಕಬ್ಬಿನವನಿಗೆ ಹಣ ಬರುವುದು ಕಟಾವಿನ ನಂತರ. ಅದಕ್ಕೆ ಹಿಂದಿನ ದಿನಗಳಲ್ಲಿ ಒಡವೆ ಗಿರವಿ, ಕೈಸಾಲ, ನಾಳೆಯ ಚಿಂತೆ. ಅದೇ ರೈತನನ್ನು ಕಟಾವಿನ ಮುಂಚೆ ಒಮ್ಮೆ, ನಂತರ ಒಮ್ಮೆ ಬುದ್ಧಿಯ ಪರೀಕ್ಷೆಗೆ ಕೂರಿಸಿದಾಗ, ಹಣ ಕೈಸೇರಿದ ಮೇಲೆ ಅವನು ಎದ್ದು ಕಾಣುವಷ್ಟು ಮೇಲಾದ ಉತ್ತರ ಕೊಟ್ಟನು. ಅಭಾವದ ಲೆಕ್ಕಾಚಾರವೇ ಮನಸ್ಸಿನ ಜಾಗವನ್ನು ಆಕ್ರಮಿಸಿ, ಉಳಿದುದಕ್ಕೆ ಎಡೆಯಿಲ್ಲದಂತೆ ಮಾಡುತ್ತದೆಂಬುದು ಸೆಂದಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಮೊದಲಾದ ಸಂಶೋಧಕರ ವಿವರಣೆ. ಈ ಅಧ್ಯಯನದ ವಿಧಾನವನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೂ “ಬಡವರಿಗೆ ಮುಂದಾಲೋಚನೆಯಿಲ್ಲ” ಎಂದು ತಟ್ಟನೆ ಹೇಳಿಬಿಡುವವರು ಒಂದು ಕ್ಷಣ ತಡೆದು ಯೋಚಿಸಲು ಇಷ್ಟು ಸಾಕು.

ಹಿಂದಿನವರ ಕಟ್ಟಳೆ

ಹಿಂದಿನ ಅಡುಗೆಮನೆಯಲ್ಲಿ ಕೆಲಸ ಕಡಿಮೆಯಿರಲಿಲ್ಲ. ಬೀಸುವುದು, ಕುಟ್ಟುವುದು, ರುಬ್ಬುವುದು, ಸೇದುವುದು ಎಲ್ಲವೂ ಇದ್ದವು. ಆದರೆ ನಿರ್ಧಾರಗಳು ಕಡಿಮೆಯಿದ್ದವು. ಏನು ಉಣ್ಣಬೇಕೆಂಬುದನ್ನು ಮಣ್ಣು ನಿಶ್ಚಯಿಸಿತ್ತು: ಹಳೆಯ ಮೈಸೂರಿನ ಕಡೆ ರಾಗಿಮುದ್ದೆ, ಉತ್ತರದಲ್ಲಿ ಜೋಳದ ರೊಟ್ಟಿ, ಕರಾವಳಿಯಲ್ಲಿ ಕುಚ್ಚಲಕ್ಕಿಯ ಗಂಜಿ. ಯಾವ ತರಕಾರಿಯೆಂಬುದನ್ನು ವಾರದ ಸಂತೆ ನಿಶ್ಚಯಿಸುತ್ತಿತ್ತು. ಉಳಿದುದನ್ನು ಪಂಚಾಂಗ ಹೇಳುತ್ತಿತ್ತು. ಏಕಾದಶಿಗೆ ಉಪವಾಸ, ಅನೇಕ ಮನೆಗಳಲ್ಲಿ ನಾಗರಪಂಚಮಿಗೆ ಒಲೆಯ ಮೇಲೆ ಹೆಂಚಿಡುವಂತಿಲ್ಲ, ಎಷ್ಟೋ ಮನೆಗಳಲ್ಲಿ ಸೋಮವಾರ ಶನಿವಾರಗಳಂದು ಮಾಂಸವಿಲ್ಲ. ಮಾಧ್ವರ ಮನೆಗಳ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆಕಾಳು ವರ್ಜ್ಯ. ಬಾಳೆಯೆಲೆಯ ಮೇಲೆ ಉಪ್ಪಿನಿಂದ ಹಿಡಿದು ಪ್ರತಿಯೊಂದು ಪದಾರ್ಥಕ್ಕೂ ಅದರದೇ ಜಾಗ. ಬಡಿಸುವುದಕ್ಕೂ ಒಂದು ಕ್ರಮ. ಮಜ್ಜಿಗೆ ಬಂದಿತೆಂದರೆ ಊಟ ಮುಗಿಯಿತೆಂದೇ ಅರ್ಥ. ನೂರು ಜನರ ಪಂಕ್ತಿಗೆ ಬಡಿಸುವವರು ಎಲ್ಲಿಯೂ ನಿಂತು ಯೋಚಿಸಬೇಕಾಗಿರಲಿಲ್ಲ.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಬೇಕಾಗಿಲ್ಲ. ನಿರ್ಧಾರದ ಶ್ರಮವನ್ನು ತಪ್ಪಿಸಿದ ಕಟ್ಟಳೆಯೇ ನಿರ್ಧಾರದ ಹಕ್ಕನ್ನೂ ಕಿತ್ತುಕೊಂಡಿತ್ತು. ಯಾರು ಮೊದಲು ಉಣ್ಣಬೇಕು, ಯಾರಿಗೆ ಮಿಕ್ಕದ್ದು ಸಾಕು, ಗಂಡ ಸತ್ತವಳು ಏನನ್ನು ತೊರೆಯಬೇಕು ಎಂಬುದನ್ನೂ ಕಟ್ಟಳೆಯೇ ಹೇಳುತ್ತಿತ್ತು. ಆಯ್ಕೆ ದೊರೆತದ್ದು ದೊಡ್ಡ ಲಾಭ. ಆ ಲಾಭದ ಜೊತೆಗೆ ಬಂದ ಹೊರೆಯನ್ನು ಇಳಿಸಿಕೊಳ್ಳಲು ಹಳೆಯ ಮನೆಯ ಬಂಧನವನ್ನು ಬಿಟ್ಟು ಅದರ ಜಾಣತನವನ್ನು ಮಾತ್ರ ಇಟ್ಟುಕೊಂಡರಾಯಿತು. ಆ ಜಾಣತನವಿಷ್ಟೆ: ದಿನವೂ ಬರುವ ಪ್ರಶ್ನೆಗೆ ದಿನವೂ ಉತ್ತರ ಹುಡುಕಬಾರದು.

ಒಮ್ಮೆ ನಿರ್ಧರಿಸಿದರೆ ಸಾಕು

‘ಇಂದೇನು ಅಡುಗೆ’ ಎಂಬ ಪ್ರಶ್ನೆಯಲ್ಲಿಯೇ ಒಂದು ತಪ್ಪಿದೆ. ಇಡ್ಲಿ ದೋಸೆ ಬೇಕಾದರೆ ಅಕ್ಕಿ ಉದ್ದು ನೆನೆಯಬೇಕಾದದ್ದು ಹಿಂದಿನ ದಿನ ಮಧ್ಯಾಹ್ನ. ಮೊಳಕೆಕಾಳಿನ ಹುಳಿಗೆ ಹೆಸರುಕಾಳು ನೀರು ಕಾಣಬೇಕಾದದ್ದು ಅದಕ್ಕೂ ಹಿಂದೆ. ಇಂದಿನ ಅಡುಗೆಯ ಅರ್ಧ ನಿರ್ಧಾರ ನಿನ್ನೆಯೇ ಆಗಿರಬೇಕು. ಆಗಿಲ್ಲದಿದ್ದರೆ ಸಂಜೆಗೆ ಉಳಿಯುವುದು ಉಪ್ಪಿಟ್ಟು, ಇಲ್ಲವೆ ಹೋಟೆಲಿನಿಂದ ತರಿಸುವುದು.

ಆದ್ದರಿಂದ ವಾರಕ್ಕೊಮ್ಮೆ, ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ, ಏಳು ದಿನದ ಪಟ್ಟಿಯೊಂದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವುದು ಲೇಸು. ಪಟ್ಟಿ ಬಿಗಿಯಾಗಿರಬೇಕಿಲ್ಲ. ಸೋಮವಾರ ಸೊಪ್ಪು, ಮಂಗಳವಾರ ಕಾಳು, ಬುಧವಾರ ಮಜ್ಜಿಗೆಹುಳಿ, ಗುರುವಾರ ಬೇಳೆಸಾರು ಮತ್ತು ಪಲ್ಯ ಎಂದು ಬಗೆಯನ್ನು ಮಾತ್ರ ಗೊತ್ತುಮಾಡಿದರೆ ಸಾಕು. ದಂಟೋ, ಮೆಂತ್ಯವೋ, ಸಬ್ಬಸಿಗೆಯೋ ಎಂಬುದನ್ನು ಅಂದಿನ ಬೆಲೆ ಹೇಳುತ್ತದೆ. ಇದರಿಂದ ಆಯ್ಕೆ ನಾಶವಾಗುವುದಿಲ್ಲ; ನೂರರಿಂದ ಮೂರಕ್ಕೆ ಇಳಿಯುತ್ತದೆ. ಮಕ್ಕಳು ಗೊಣಗಿದರೆ ಉತ್ತರ ಹೇಳಲು ಗೋಡೆಯಿದೆ, ತಾಯಿ ಹೇಳಬೇಕಾಗಿಲ್ಲ!

ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ ತಾವು ಬೂದು ಇಲ್ಲವೆ ನೀಲಿ ಬಣ್ಣದ ಸೂಟುಗಳನ್ನು ಮಾತ್ರ ತೊಡುವುದಾಗಿ 2012ರಲ್ಲಿ ಹೇಳಿದ್ದರು. ಊಟ ಉಡುಪಿನ ನಿರ್ಧಾರಗಳನ್ನು ಕಡಿಮೆ ಮಾಡಿಕೊಳ್ಳುವುದೇ ಅವರ ಉದ್ದೇಶ. ಶಾಲೆಯ ಮಗು ಸಮವಸ್ತ್ರ ತೊಟ್ಟು ದಿನವೂ ಪಡೆಯುವ ಲಾಭವೂ ಅದೇ.

ವಿಮಾನದ ಚಾಲಕರು ಈ ಪಾಠವನ್ನು ಪ್ರಾಣ ತೆತ್ತು ಕಲಿತರು. 1935ರ ಅಕ್ಟೋಬರ್ 30ರಂದು ಓಹಾಯೊದ ಡೇಟನ್ನಿನಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ಬಾಂಬರ್ ವಿಮಾನವೊಂದು ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು ಉರಿಯಿತು. ಯಂತ್ರ ಸರಿಯಾಗಿತ್ತು; ನುರಿತ ಚಾಲಕನೇ ಕುಳಿತಿದ್ದ. ನಿಯಂತ್ರಣ ಫಲಕಗಳ ಬೀಗವೊಂದನ್ನು ತೆಗೆಯುವುದು ಮರೆತುಹೋಗಿತ್ತು, ಅಷ್ಟೆ. ಅನಂತರ ಆ ವಿಮಾನಕ್ಕಾಗಿ ಹೊರಡುವ ಮುನ್ನ ನೋಡಬೇಕಾದವುಗಳ ಪಟ್ಟಿ ಸಿದ್ಧವಾಯಿತು. ಇಂದು ಎಂತಹ ಅನುಭವಿ ಚಾಲಕನೂ ಪಟ್ಟಿಯಿಲ್ಲದೆ ಹೊರಡುವುದಿಲ್ಲ. ಊರಿಗೆ ಹೊರಡುವಾಗ ಬೀಗ, ಗ್ಯಾಸು, ನಲ್ಲಿ, ಟಿಕೆಟ್ಟು, ಔಷಧ ಎಂದು ಬಾಗಿಲ ಹಿಂದೆ ಬರೆದಿಟ್ಟವರು ನಿಲ್ದಾಣದಿಂದ ನೆರೆಮನೆಗೆ ದೂರವಾಣಿ ಮಾಡಬೇಕಾಗುವುದಿಲ್ಲ.

‘ಅತ್ಯುತ್ತಮ’ದ ಬೆನ್ನು ಹತ್ತುವುದು

ಎರಡನೆಯ ಉಪಾಯ ಆಸೆಗೆ ಸಂಬಂಧಿಸಿದ್ದು. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಕ್ಯಾಲಿಫೋರ್ನಿಯದ ಅಂಗಡಿಯೊಂದರಲ್ಲಿ ಒಮ್ಮೆ 24 ಬಗೆಯ ಜಾಮು, ಒಮ್ಮೆ 6 ಬಗೆಯ ಜಾಮು ಜೋಡಿಸಿಟ್ಟರು. ಇಪ್ಪತ್ತನಾಲ್ಕರ ಮುಂದೆ ನಿಂತವರಲ್ಲಿ ನೂರಕ್ಕೆ 3 ಮಂದಿ ಕೊಂಡರೆ, ಆರರ ಮುಂದೆ ನಿಂತವರಲ್ಲಿ 30 ಮಂದಿ ಕೊಂಡರು. ಇಂತಹ ಐವತ್ತು ಪ್ರಯೋಗಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ತನಗೇನು ಬೇಕೆಂದು ತಿಳಿದವನನ್ನು ಹೆಚ್ಚು ಆಯ್ಕೆ ಬಾಧಿಸುವುದಿಲ್ಲ. ತಿಳಿಯದವನನ್ನು ಕಾಡುತ್ತದೆ ಎಂಬುದು ಅನಂತರದ ವಿಮರ್ಶೆಗಳ ಸಾರ.

ಇದಕ್ಕೆ ಮದ್ದನ್ನು ಹರ್ಬರ್ಟ್ ಸೈಮನ್ 1956ರಷ್ಟು ಹಿಂದೆಯೇ ಸೂಚಿಸಿದ್ದರು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಈ ವಿದ್ವಾಂಸರ ಪ್ರಕಾರ, ಮನುಷ್ಯನಿಗೆ ಎಲ್ಲವನ್ನೂ ತೂಗಿ ಅತ್ಯುತ್ತಮವನ್ನು ಹುಡುಕುವಷ್ಟು ಕಾಲವೂ ಇಲ್ಲ, ಬುದ್ಧಿಯೂ ಇಲ್ಲ. ಬೇಕಾದ ಗುಣಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಅವುಗಳಿರುವ ಮೊದಲನೆಯ ವಸ್ತುವನ್ನು ಸ್ವೀಕರಿಸಿ ಮುಂದೆ ಸಾಗುವುದೇ ವಿವೇಕ. ಸೀರೆಯಂಗಡಿಗೆ ಹೋಗುವ ಮುನ್ನ ಬೆಲೆ ಇಷ್ಟು, ಬಣ್ಣ ಇಂತಹದು, ನೂಲು ಇಂತಹದು ಎಂದು ಮೂರು ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡವರು ಎಂಟನೆಯ ಸೀರೆಗೆ ಎದ್ದುಬರುತ್ತಾರೆ. ಕಟ್ಟಿಕೊಳ್ಳದವರು ಎಂಬತ್ತನ್ನು ಹರವಿಸಿ, ಮನೆಗೆ ಬಂದ ಮೇಲೂ “ಆ ಹಸಿರೇ ಚೆನ್ನಾಗಿತ್ತು” ಎಂದು ಕೊರಗುತ್ತಾರೆ. ಕೆಲಸ ಹುಡುಕುತ್ತಿದ್ದ ಪದವೀಧರರ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಅತ್ಯುತ್ತಮಕ್ಕಾಗಿ ಹುಡುಕಿದವರಿಗೆ ನೂರಕ್ಕೆ 20ರಷ್ಟು ಹೆಚ್ಚು ಸಂಬಳ ದೊರೆಯಿತು, ತೃಪ್ತಿ ಮಾತ್ರ ಕಡಿಮೆ ದೊರೆಯಿತು.

ಹೊತ್ತನ್ನರಿತು ನಿರ್ಧರಿಸುವುದು

ಮೂರನೆಯದು ಹೊತ್ತಿನ ವಿವೇಚನೆ. ಹಣ, ಮದುವೆ, ಮನೆ, ಜಗಳ — ಈ ನಾಲ್ಕರ ಮಾತನ್ನು ರಾತ್ರಿ ಹತ್ತು ಗಂಟೆಯ ಮೇಲೆ ತೀರ್ಮಾನಿಸಬಾರದೆಂಬ ನಿಯಮವೊಂದನ್ನು ಪ್ರತಿ ಮನೆಯೂ ಇಟ್ಟುಕೊಳ್ಳಬಹುದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ದಣಿದವನಿಗೂ ಸಲ್ಲುತ್ತದೆ. ಬೆಂಜಮಿನ್ ಫ್ರ್ಯಾಂಕ್ಲಿನ್ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ಒಂದು ಕ್ರಮವನ್ನು ವಿವರಿಸಿದ್ದರು. ಕಾಗದವನ್ನು ಗೀಟೆಳೆದು ಎರಡು ಭಾಗ ಮಾಡಿ, ಒಂದು ಕಡೆ ಪರವಾದ ಕಾರಣ, ಇನ್ನೊಂದು ಕಡೆ ವಿರೋಧವಾದ ಕಾರಣಗಳನ್ನು ಮೂರು ನಾಲ್ಕು ದಿನ ಹೊಳೆದಂತೆ ಬರೆಯುತ್ತ ಹೋಗಿ, ಸಮತೂಕದವುಗಳನ್ನು ಹೊಡೆದುಹಾಕಿ, ಉಳಿದುದನ್ನು ನೋಡಿ ತೀರ್ಮಾನಿಸುವುದು. ಇದರ ಗುಟ್ಟು ಗೀಟಿನಲ್ಲಿಲ್ಲ, ಆ ಮೂರು ನಾಲ್ಕು ದಿನಗಳಲ್ಲಿದೆ.

ಚಿಕ್ಕ ವಿಷಯಗಳಿಗೆ ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ವಿವರಿಸಿದ ‘ಹೀಗಾದರೆ ಹಾಗೆ’ ಎಂಬ ಸೂತ್ರ ಸೊಗಸಾದುದು. “ವ್ಯಾಯಾಮ ಮಾಡಬೇಕು” ಎಂಬುದು ಆಶಯ. “ಕಾಫಿ ಲೋಟ ಕೆಳಗಿಟ್ಟೊಡನೆ ಚಪ್ಪಲಿ ಮೆಟ್ಟಿ ಹೊರಡುವುದು” ಎಂಬುದು ಸೂತ್ರ. “ಮಳೆ ಬಂದರೆ ಮಗುವಿಗೆ ಆಟೋ, ಇಲ್ಲದಿದ್ದರೆ ನಡಿಗೆ” ಎಂದು ಜೂನಿನಲ್ಲಿಯೇ ಗೊತ್ತುಮಾಡಿದರೆ ಪ್ರತಿ ಬೆಳಗ್ಗೆಯ ಚರ್ಚೆ ತಪ್ಪುತ್ತದೆ.

‘ಏನಾದರೂ ಮಾಡು’

ಇಷ್ಟೆಲ್ಲ ಉಪಾಯಗಳ ನಂತರವೂ ಮುಖ್ಯ ಪ್ರಶ್ನೆಯೊಂದು ಉಳಿಯುತ್ತದೆ: ಮನೆಯ ನಿರ್ಧಾರಗಳೆಲ್ಲ ಯಾರ ತಲೆಯ ಮೇಲೆ?

“ರಾತ್ರಿಗೆ ಏನು ಮಾಡಲೀಂದ್ರೆ?” ಎಂದು ಹೆಂಡತಿ ಕೇಳುತ್ತಾಳೆ. “ಏನಾದರೂ ಮಾಡೇ, ನನಗೆ ಯಾವುದಾದರೂ ಆದೀತು” ಎಂದು ಗಂಡ ಮೊಬೈಲಿನಿಂದ ತಲೆಯೆತ್ತದೆ ಹೇಳುತ್ತಾನೆ. ತಾನು ಬಹಳ ಅನುಕೂಲಸ್ಥ ಗಂಡನೆಂದೇ ಅವನ ಭಾವನೆ. ಇದು ಬೇಕು ಅದು ಬೇಕೆಂದು ಹಟ ಹಿಡಿಯುವವನಲ್ಲವಲ್ಲ! ಆದರೆ ಅವಳು ಕೇಳಿದ್ದು ಅನುಮತಿಯನ್ನಲ್ಲ, ಸಹಾಯವನ್ನು. ಅವನ ಉತ್ತರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಪ್ರಶ್ನೆ ಹೋದ ದಾರಿಯಲ್ಲಿಯೇ ಹಿಂದಿರುಗಿ ಅವಳ ತಲೆಯ ಮೇಲೆ ಕುಳಿತಿತು.

ಭಾರತ ಸರ್ಕಾರ 2019ರಲ್ಲಿ ನಡೆಸಿದ ಕಾಲ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರೆ, ಅಂತಹ ಕೆಲಸ ಮಾಡುತ್ತಿದ್ದ ಪುರುಷರು 97 ನಿಮಿಷ ದುಡಿಯುತ್ತಿದ್ದರು. ಪಾತ್ರೆ ತೊಳೆಯುತ್ತಲೇ ನಾಳೆಯ ಹಾಲಿನ ಲೆಕ್ಕ ಹಾಕುವ ಮನಸ್ಸಿನ ದುಡಿಮೆಗೆ ಗಡಿಯಾರದಲ್ಲಿ ಬೇರೆ ನಿಮಿಷಗಳಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 35 ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಆ ದುಡಿಮೆಯನ್ನು ನಾಲ್ಕು ಭಾಗ ಮಾಡಿತು: ಅಗತ್ಯವನ್ನು ಮುಂಚೆಯೇ ಕಾಣುವುದು, ದಾರಿಗಳನ್ನು ಹುಡುಕುವುದು, ಒಂದನ್ನು ತೀರ್ಮಾನಿಸುವುದು, ಅದು ಆಯಿತೇ ಎಂದು ಗಮನಿಸುವುದು. ತೀರ್ಮಾನದ ಹೊತ್ತಿಗೆ ಗಂಡಂದಿರು ಬಂದು ಕೂರುತ್ತಿದ್ದರು. ಮುಂಗಾಣುವ ಮತ್ತು ಗಮನಿಸುವ ಕೆಲಸ ಮಾತ್ರ ಹೆಚ್ಚಾಗಿ ಹೆಂಡತಿಯರದೇ ಆಗಿತ್ತು.

ಆದ್ದರಿಂದ “ಏನಾದರೂ ಹೇಳು, ಮಾಡಿಕೊಡುತ್ತೇನೆ” ಎಂಬ ಗಂಡ ಅರ್ಧ ಸಹಾಯಕ ಮಾತ್ರ. ಪೂರ್ಣ ಸಹಾಯವೆಂದರೆ ಒಂದು ಪ್ರಶ್ನೆಯನ್ನು ಬೇರುಸಹಿತ ತೆಗೆದುಕೊಳ್ಳುವುದು. ಭಾನುವಾರದ ಅಡುಗೆ ಅವನದಾದರೆ, ಏನು ಮಾಡಬೇಕೆಂಬ ಯೋಚನೆ, ಈರುಳ್ಳಿ ಇದೆಯೇ ಎಂಬ ನೋಟ, ಕೊನೆಯಲ್ಲಿ ಒಲೆಯ ಕಟ್ಟೆಯ ಒರೆಸುವಿಕೆ ಎಲ್ಲವೂ ಅವನದೇ. ಮಗಳ ಲಸಿಕೆಯ ತಾರೀಖು, ಅತ್ತೆಯವರ ಮಾತ್ರೆ, ವಿದ್ಯುತ್ತಿನ ಬಿಲ್ಲು — ಇವುಗಳಲ್ಲಿ ಒಂದೊಂದಕ್ಕೆ ಒಬ್ಬೊಬ್ಬ ಒಡೆಯನಿರಬೇಕು. ಕೊಟ್ಟವರೂ ಕೊಟ್ಟಮೇಲೆ ಇಣುಕಿ ನೋಡಬಾರದು. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಹೊತ್ತು ಸಹಿಸಬೇಕು. ಹತ್ತು ವರ್ಷದ ಮಕ್ಕಳೂ ವಾರದ ಎರಡು ತಿಂಡಿಗಳನ್ನು ನಿಶ್ಚಯಿಸಬಲ್ಲರು. ಏನೂ ಹೊಳೆಯದ ದಿನ ಕೇಳುವ ರೀತಿಯನ್ನಾದರೂ ಬದಲಾಯಿಸಬಹುದು: “ಏನು ಮಾಡಲಿ?” ಎಂಬುದರ ಬದಲು “ಚಿತ್ರಾನ್ನವೋ, ಚಪಾತಿಯೋ?” ಎಂದು ಕೇಳಿದರೆ ‘ಏನಾದರೂ’ ಎಂಬ ಉತ್ತರಕ್ಕೆ ಎಡೆಯಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಿದ್ರೆ, ವಿಶ್ರಾಂತಿ, ಹಂಚಿಕೆ ಯಾವುದರಿಂದಲೂ ಕಳೆಯದೆ ವಾರಗಟ್ಟಲೆ ಚಿಕ್ಕ ತೀರ್ಮಾನವೂ ಬೆಟ್ಟದಂತೆ ಕಂಡು, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ಅದು ಬರಿಯ ದಣಿವಲ್ಲದೆ ಖಿನ್ನತೆಯ ಕಾಯಿಲೆಯಾಗಿರಬಹುದು. ಆಗ ಪಟ್ಟಿ ಬರೆಯುತ್ತ ಕೂರದೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕೇಂದ್ರವಾಗಿ ಹೊಂದಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು.

ನಿರ್ಧಾರಗಳನ್ನೆಲ್ಲ ತೊಲಗಿಸಿಬಿಡುವುದು ಯಾರಿಗೂ ಸಾಧ್ಯವಲ್ಲ, ಸಾಧುವೂ ಅಲ್ಲ. ಮಗ ಯಾವ ವಿದ್ಯೆ ಕಲಿಯಬೇಕು, ವೃದ್ಧ ತಾಯಿ ಯಾರ ಬಳಿ ಇರಬೇಕು, ಮುನಿದ ತಮ್ಮನ ಮನೆಗೆ ಮೊದಲು ಹೋಗುವವರು ಯಾರು ಎಂಬ ಪ್ರಶ್ನೆಗಳಿಗೆ ಗೋಡೆಯ ಪಟ್ಟಿಯಲ್ಲಿ ಉತ್ತರವಿಲ್ಲ. ಅವುಗಳಿಗೆ ಬೇಕಾದದ್ದು ಬಿಡುವು, ತಾಳ್ಮೆ, ತಿಳಿಯಾದ ಮನಸ್ಸು. ಹಾಲು, ಹುಳಿ, ಬಟ್ಟೆ, ಬಿಲ್ಲುಗಳ ತೀರ್ಮಾನವನ್ನು ಪಟ್ಟಿಗೂ ಮನೆಮಂದಿಗೂ ಹಂಚಿಬಿಡುವುದು ಸೋಮಾರಿತನದಿಂದಲ್ಲ. ಅಂತಹ ಪ್ರಶ್ನೆ ಬಾಗಿಲು ತಟ್ಟಿದ ದಿನ, ಎದ್ದು ಬಾಗಿಲು ತೆರೆಯುವಷ್ಟು ಚೈತನ್ಯ ಮನೆಯೊಡತಿಯಲ್ಲಿ ಉಳಿದಿರಲೆಂದು.